ನಾಲ್ಕೂ ಮೂಲಿ ಕಪ್ಪು

ಫೋಟೋ ತಗಿಯೋ ಮಂದಿಗೆ ಇಂಥಾವು ನಡದ ನಡೀತಾವ. ಬೆಳಕು ಚೊಲೋ ಇದ್ದಾಗ ಮುಖ ಇರೂದಿಲ್ಲ, ಮುಖ ಇದ್ದಾಗ ಬೆಳಕು ಇರೂದಿಲ್ಲ, ಎರಡೂ ಕೂಡಿ ಬಂದ ದಿನ ಕ್ಯಾಮೆರಾದಾಗ ಫೋಟೋ ಮೂಡೂ ಗಾಜಿನ ಪ್ಲೇಟು ಇರೂದಿಲ್ಲ.

ಗಡಹಿಂಗ್ಲಜದಾಗ ಬಸ್ ಸ್ಟ್ಯಾಂಡಿನ ಹಿಂದ ನಂದೊಂದು ಸ್ಟುಡಿಯೋ ಇತ್ತು. ಸ್ಟುಡಿಯೋ ಅಂದರ ಏನು, ಒಂದು ಖೋಲಿ, ಒಂದು ಪಡದಾ, ಪಡದಾದ ಮ್ಯಾಲ ಬಣ್ಣದಾಗ ಬರದ ಒಂದು ಸರೋವರ, ಅದರ ಮುಂದ ಒಂದು ಕುರ್ಚಿ. ಆ ಕುರ್ಚಿಮ್ಯಾಲ ಕುಂತವರೆಲ್ಲ ಫಾಶಿಗೆ ಹೊಂಟವರಂಗ ಮುಖ ಮಾಡತಿದ್ದರು. ಮಹಾರಾಷ್ಟ್ರ ರಾಜ್ಯ ಆಗಿ ಒಂದೆರಡು ವರ್ಷ ಆಗಿತ್ತು. ನಂದೂ ಹೊಸ ಕಸಬು, ಹೊಸ ಹುರುಪು, ಎಲ್ಲಾ ಬರತೈತಿ ಅನ್ನೂ ವಯಸ್ಸು.

ನನಗ ಒಂದ ಆಸೆ ಇತ್ತು. ನಮ್ಮತ್ತಿದು ಒಂದು ಚೊಲೋ ಫೋಟೋ ತಗೀಬೇಕು. ಅತ್ತಿ ಅಂದರ ನಮ್ಮಪ್ಪನ ತಂಗಿ. ಆಕಿನ್ನ ನೂಲ ಅನ್ನೂ ಊರಿಗೆ ಮದಿವಿ ಮಾಡಿ ಕೊಟ್ಟಿದ್ದರು. ವರ್ಷ ತುಂಬೂದರಾಗ ಗಂಡ ತೀರಿಕೊಂಡ, ಹೊಳ್ಳಿ ನಮ್ಮ ಮನಿಗೆ ಬಂದಳು. ನಮ್ಮವ್ವ ಹೋದಾಗ ನಾ ಇನ್ನೂ ಅಂಬೆಗಾಲಿನ ಕೂಸು, ನನ್ನ ಜ್ವಾಕಿ ಮಾಡಿದಾಕಿ ಆಕೀನ. ಯಾರದರ ಮದಿವಿ ಇರಲಿ, ಅಡಗಿಮನಿಗೆ ಎಲ್ಲಾರಗಿಂತ ಮೊದಲ ಹೋಗಾಕಿ ನಮ್ಮತ್ತಿ, ಫೋಟೋಕ್ಕ ಎಲ್ಲಾರಗಿಂತ ಕಡೀಕ ಬರಾಕಿನೂ ನಮ್ಮತ್ತಿ. ಬಂದರೂ ಸಾಲಿನ ತುದಿಗೆ, ಮೂಲ್ಯಾಗ ನಿಂದರತಿದ್ದಳು. ನಡುವ ಬಾ ಅಂದರ, “ಮುತ್ತೈದೇರು ನಡುವ ಇರಲಿ ತಮ್ಮಾ, ನಂದೇನೈತಿ ಅಲ್ಲಿ” ಅಂತಿದ್ದಳು. ಯಾರೂ ಆಕಿಗೆ ಹಂಗ ಹೇಳಿದ್ದಿಲ್ಲ. ಹೇಳೂದು ಬ್ಯಾಡ ಅಂತ ಆಕೀನ ಮೊದಲ ಹೋಗಿ ನಿಂತುಬಿಡತಿದ್ದಳು. ಹಂಗಾರ ಒಬ್ಬೇಕಿದ ತಗೀತೇನಿ, ಸ್ಟುಡಿಯೋಕ್ಕ ಬಾ ಅಂದರ, “ಒಬ್ಬರ ಫೋಟೋ ಹಾರ ಹಾಕಾಕ ತಗಸತಾರ. ನಾ ಇನ್ನೂ ಇದ್ದೇನಲ್ಲ” ಅಂತಿದ್ದಳು.

ಅಂದರ ಲೆಕ್ಕ ಏನಾತು? ನಮ್ಮತ್ತಿ ಫೋಟೋ ಬರಬೇಕಂದರ ಮೂಲಿ ಬೆಳ್ಳಗ ಬರಬೇಕು. ಆಗ ನನ್ನ ಕೈಗೆ ಬಂದದ್ದು ಮೂಲಿ ಕಪ್ಪು ಮಾಡೂ ಲೆನ್ಸು.

೧. ಫುಕಟ ಟೊಪ್ಪಿಗಿ

ನನ್ನ ಹಳೇ ಲೆನ್ಸಿಗೆ ಬೂಸಲಾ ಹಿಡದು, ಫೋಟೋದಾಗ ಎಲ್ಲಾರೂ ಮಂಜಿನ್ಯಾಗ ನಿಂತಂಗ ಕಾಣಸತಿದ್ದರು. ಬ್ಯಾರೇದು ತರೂಣು ಅಂತ ಕೊಲ್ಲಾಪುರಕ್ಕ ಹೋದೆ. ಅಲ್ಲೊಬ್ಬ ಮುದುಕ ಇದ್ದ. ಒಂದ ಕಾಲಕ್ಕ ಸಿನಿಮಾ ಮಂದಿ ಕೂಡ ಕ್ಯಾಮೆರಾ ಹೊತ್ತವ, ಈಗ ಮನ್ಯಾಗ ಕುಂತು ಹಳೇ ಸಾಮಾನು ಮಾರತಿದ್ದ. ಮಾತು ಎಲ್ಲಾ ಮರಾಠಿ. ಹಳೇ ಧೋತರದ ಚೂರಿನ್ಯಾಗ ಸುತ್ತಿಟ್ಟಿದ್ದ ಒಂದು ಲೆನ್ಸು ತಗದು ನನ್ನ ಅಂಗೈಮ್ಯಾಲ ಇಟ್ಟ. ಬಂಗಾರ ಇಟ್ಟಂಗ ಇಟ್ಟ.

ಲೆನ್ಸಿನ ಮುಂದ ಒಂದು ತಗಡಿನ ಕೊಳವಿ ಹಾಕಿತ್ತು. ಸೂರ್ಯಾನ ಬಿಸಲು ನೇರ ಲೆನ್ಸಿಗೆ ಬಡೀಬಾರದಂತ ಹಾಕೂ ಟೊಪ್ಪಿಗಿ ಅದು. “ಹೇ ಫುಕಟ” ಅಂದ ಮುದುಕ, ಇದಕ್ಕ ರೊಕ್ಕ ಬ್ಯಾಡ ಅಂತ. ಫುಕಟ ಸಿಕ್ಕರ ನನಗೊಂದು ನಮ್ಮಪ್ಪಗೊಂದು ಅನ್ನೂ ಮಂದಿ ನಾವು. ನನಗ ಲೆನ್ಸಿಗಿಂತ ಟೊಪ್ಪಿಗೀನ ಭಾಳ ಚೊಲೋ ಅನಿಸ್ತು.

ಅವನ ಗ್ವಾಡಿಮ್ಯಾಲ ಒಂದು ಮನಿಮಂದಿ ಫೋಟೋ ತೂಗಹಾಕಿತ್ತು. ನಡುವಿನವರು ಕಣ್ಣಿನ ರೆಪ್ಪಿ ಎಣಸೂವಷ್ಟು ನಿಚ್ಚಳ ಕಾಣಸತಿದ್ದರು. ನಾಲ್ಕೂ ಮೂಲಿ ಮಾತ್ರ ಒಲಿ ಮುಂದಿನ ಗ್ವಾಡಿಯಂಗ ಕಪ್ಪಗಿದ್ದುವು.

“ಇದು ಇದ ಲೆನ್ಸಿನಿಂದ ತಗದದ್ದೇನ್ರಿ?” ಅಂತ ಕೇಳಿದೆ.

“ಹೋಯ್” ಅಂದ, ಹೌದು ಅಂತ.

“ಮೂಲಿ ಕಪ್ಪಗ ಬಂದಾವಲ್ರಿ.”

“ಮಧಲಂ ಬಘಾ, ಕೋಪರೇ ಕಶಾಲಾ ಬಘತಾ?” ಅಂದ. ನಡುವಿಂದು ನೋಡ್ರಿ, ಮೂಲಿ ಯಾಕ ನೋಡ್ತೀರಿ ಅಂತ.

“ಆದರೂ ಮೂಲ್ಯಾಗ ಯಾರೋ ನಿಂತಾರಲ್ಲ, ಯಾರವರು?”

ಮುದುಕ ಆ ಫೋಟೋ ಕಡೆ ಭಾಳ ಸಮಾಧಾನದಿಂದ ನೋಡಿದ. “ನಮ್ಮ ಮಾವನ ಮನಿಯವರು” ಅಂದ.

ನಾ ಹೊಟ್ಟಿ ಹಿಡಕೊಂಡು ನಕ್ಕೆ. ನಕ್ಕೋತ ಲೆನ್ಸು ತಗೊಂಡೆ. ನಗಬಾರದಿತ್ತು, ವಿಚಾರ ಮಾಡಬೇಕಿತ್ತು. ಈಗ ಹೇಳಿ ಏನು ಮಾಡೂದೈತಿ.

೨. ಸೀರಿ ಅಂಚು

ಆ ಲೆನ್ಸಿನಿಂದ ಮೊದಲ ತಗದದ್ದು ನಮ್ಮ ಕಾಕಾನ ಮಗಳ ಮದಿವಿ ಫೋಟೋ. ಹಂದರದ ಮುಂದ ಎಲ್ಲಾರನ್ನೂ ನಿಲ್ಲಿಸಿ, ಮುಂದ ಸಣ್ಣ ಹುಡುಗರನ್ನ ಕುಂಡರಿಸಿ, ಬೀಗರ ಪಟಗಾ ನೆಟ್ಟಗ ಮಾಡಿ ತಗದೆ. ನಮ್ಮತ್ತಿ ಎಂದಿನಂಗ ತುದಿಗೆ ಕಂಬದ ಮಗ್ಗಲಕ ನಿಂತಿದ್ದಳು.

ಫೋಟೋ ತೊಳದು ನೋಡತೇನಿ, ಕೊಲ್ಲಾಪುರದ ಮುದುಕನ ಮಾವನ ಮನಿಯಾಗಿನ ಕತ್ತಲಿ ನಮ್ಮ ಹಂದರಕ್ಕೂ ಬಂದು ಕುಂತಿತ್ತು. ಮನಿಗೆ ಒಯ್ದಾಗ ಎಲ್ಲಾರೂ ತಮ್ಮ ತಮ್ಮ ಮುಖದ ಮ್ಯಾಲ ಬೆಟ್ಟಿಟ್ಟು ನೋಡಿದರು. ಎಲ್ಲಾರದು ಆದ ಮ್ಯಾಲ ಅತ್ತಿ ಸೆರಗಿಗೆ ಕೈ ಒರಸಿಕೊಂಡು ಬಂದಳು.

“ನಾ ಎಲ್ಲದೇನಿ ತಮ್ಮಾ?”

“ಇಲ್ಲಿ ನೋಡತ್ತಿ.”

“ಇದು ಕಂಬ.”

“ಕಂಬದ ಈಚೆ ನೋಡು.”

ಅತ್ತಿ ಫೋಟೋ ಒಯ್ದು ಬಾಗಲದ ಬೆಳಕಿಗೆ ಹಿಡದಳು, ಓರೆ ಮಾಡಿದಳು, ಕಣ್ಣು ಕಿರಿದು ಮಾಡಿದಳು. ಕಡಿಗೆ ಆಕಿ ಮುಖ ಅರಳಿತು. “ಹೌದು ನೋಡು, ನನ್ನ ಸೀರಿ ಅಂಚು ಕಾಣಸಾಕತ್ತೈತಿ” ಅಂದಳು.

ನನಗ ಅಳು ಬಂದಂಗಾತು. “ಬರೇ ಅಂಚು ಬಂದರ ಏನಾತತ್ತಿ?” ಅಂದೆ.

“ಸೀರಿ ಬಂದೈತಿ ಅಂದ ಮ್ಯಾಲ ಅದರೊಳಗ ನಾನೂ ಇರತೇನಲ್ಲೋ. ಬರೇ ಸೀರಿ ತಾನ ನಡಕೊಂಡು ಬಂದು ಕಂಬದ ಹಂತೇಕ ನಿಂದರತೈತೇನು?” ಅಂದು ಒಳಗ ಹೋದಳು.

೩. ಎದಿ ಫೋಟೋ ತಗದಂಗ

ಲೆನ್ಸು ಮೂಲಿ ಎಷ್ಟು ಕಪ್ಪು ಮಾಡತೈತಿ ಅಂತ ನೋಡಾಕ ನಮ್ಮ ಕಸಬಿನ್ಯಾಗ ಒಂದು ಸಾದಾ ಪರೀಕ್ಷಾ ಐತಿ. ಒಂದ ಸಮ ಬೆಳ್ಳಗಿದ್ದದ್ದು, ಒಂದ ಸಮ ಬೆಳಕು ಬಿದ್ದದ್ದು ಏನರ ಒಂದರ ಫೋಟೋ ತಗೀಬೇಕು. ಸಾಮಾನು ಪೂರ್ತಿ ಬೆಳ್ಳಗೈತಿ ಅಂತ ಗೊತ್ತಿದ್ದ ಮ್ಯಾಲ, ಫೋಟೋದಾಗ ಎಲ್ಲೆಲ್ಲಿ ಕಪ್ಪು ಬರತೈತಿ ಅದೆಲ್ಲಾ ಲೆನ್ಸಿನ ಐಬು.

ನಮ್ಮ ಓಣ್ಯಾಗ ಬೆಲ್ಲದ ಅಡತಿ ಸಾವಕಾರರೊಬ್ಬರ ಮನಿ ಇತ್ತು. ಅವರೂ ಅವರ ತಮ್ಮನೂ ಪಾಲಾಗಿ ಮಗ್ಗಲಾ ಮಗ್ಗಲಾ ಇದ್ದರು. ಸಾವಕಾರರು ಮಗ್ಗಲ ಗ್ವಾಡಿಗೆ ಹೊಸದಾಗಿ ಸುಣ್ಣಾ ಹಚ್ಚಿದ್ದರು, ಹಾಲಿನಂಥಾ ಸುಣ್ಣಾ. ಮುಂಜಾನೆ ಅದಕ್ಕ ತಂಪು ನೆರಳಿನ ಬೆಳಕು. ಅವರನ್ನ ಕೇಳಿ, ಮೂರುಕಾಲಿನ ಸ್ಟ್ಯಾಂಡಿನ ಮ್ಯಾಲ ಕ್ಯಾಮೆರಾ ಇಟ್ಟು ಬರೇ ಗ್ವಾಡಿ ಫೋಟೋ ತಗದೆ. ಬಂದದ್ದು ಮೊದಲಿನಂಗ ನಡುವ ಬೆಳ್ಳಗ, ನಾಲ್ಕೂ ಮೂಲಿ ಕಪ್ಪು. ಲೆನ್ಸು ಪರೀಕ್ಷಾದಾಗ ನಪಾಸಾತು.

ಸಾವಕಾರರು ಸ್ಟುಡಿಯೋಕ್ಕ ಬಂದು ಆ ಫೋಟೋ ನೋಡಿದರು. ಭಾಳ ಹೊತ್ತು ನೋಡಿದರು. “ಇದು ನಮ್ಮ ಗ್ವಾಡಿ ಅಲ್ಲೇನ್ರಿ?” ಅಂದು, ನನಗ ಇದು ಬೇಕು ಅಂತ ಇಸಕೊಂಡು ಹೋದರು. ಯಾಕ ಅಂತ ನಾ ಕೇಳಲಿಲ್ಲ. ತಮ್ಮ ಗ್ವಾಡಿ ಮ್ಯಾಲ ಒಬ್ಬೊಬ್ಬರಿಗೆ ಪ್ರೀತಿ ಇರತೈತಿ.

ಎಂಟು ದಿನ ಬಿಟ್ಟು, ಪಂಚಾಯ್ತಿಗೆ ಬಾ ಅಂತ ಮಠದಿಂದ ನನಗ ಕರಿ ಬಂತು. ಹೋಗಿ ನೋಡತೇನಿ, ಊರ ಹಿರ್‍ಯಾರು ಕುಂತಾರ, ನಡುವ ನನ್ನ ಫೋಟೋ ಐತಿ. ತಮ್ಮನ ಅಡಗಿಮನಿ ಹೊಗಿ ಬಡದು ತನ್ನ ಗ್ವಾಡಿ ಮೂಲಿ ಮೂಲಿ ಕಪ್ಪಾಗೈತಿ ಅಂತ ಸಾವಕಾರರ ತಕರಾರು.

“ಈ ಫೋಟೋ ನೀವ ತಗದದ್ದೇನು?” ಅಂತ ಹಿರ್‍ಯಾರೊಬ್ಬರು ಕೇಳಿದರು.

“ಹೌದ್ರಿ. ಆದರ ಆ ಕಪ್ಪು ಗ್ವಾಡೀದಲ್ರಿ, ಲೆನ್ಸಿಂದು.”

“ಲೆನ್ಸಿನ್ಯಾಗ ಒಲಿ ಹಚ್ಚಿದ್ರೇನು? ಹೊಗಿ ಎಲ್ಲಿಂದ ಬಂತು?”

ಹಂಗಾರ ಗ್ವಾಡೀನ ನೋಡೂಣು ಅಂತ ಎಲ್ಲಾರೂ ಎದ್ದು ಹೊಂಟರು. ನನಗ ಜೀವ ಬಂತು. ಗ್ವಾಡಿ ಬೆಳ್ಳಗ ಬಿಸಲಿಗೆ ಹೊಳ್ಯಾಕತ್ತಿತ್ತು. ಹಿರ್‍ಯಾರು ಗ್ವಾಡಿ ನೋಡಿದರು, ಫೋಟೋ ನೋಡಿದರು, ಮತ್ತ ಗ್ವಾಡಿ ನೋಡಿದರು.

ಆಗ ಸಾವಕಾರರು ಅಂದರು: “ಬರೇ ಕಣ್ಣಿಗೆ ಕಾಣಸಿದ್ದರ ಕ್ಯಾಮೆರಾ ಯಾಕ ಬೇಕಿತ್ರಿ? ದವಾಖಾನ್ಯಾಗ ಎದಿ ಫೋಟೋ ತಗೀತಾರ. ಮ್ಯಾಲೆ ಎದಿ ಚೊಲೋನ ಕಾಣಸ್ತೈತಿ, ಫೋಟೋದಾಗ ಒಳಗಿನ ರೋಗ ಕಾಣಸೂದಿಲ್ಲೇನು?”

ಹಿರ್‍ಯಾರಿಗೆ ಇದು ಖರೇ ಅನಿಸ್ತು. ಎತ್ತು ಈಯ್ತು ಅಂದರ ಕೊಟ್ಟಿಗ್ಯಾಗ ಕಟ್ಟು ಅನ್ನೂ ಪೈಕಿ ಮಂದಿ. ಗ್ವಾಡಿ ಒಳಗಿಂದೊಳಗ ಕಪ್ಪಾಗೈತಿ, ತಮ್ಮ ತನ್ನ ಕೈಲೆ ಸುಣ್ಣಾ ಹಚ್ಚಿಸಿ ಕೊಡಬೇಕು ಅಂತ ತೀರ್ಮಾನ ಮಾಡಿ, ಚಾ ಕುಡದು ಹೋದರು. ನಾ ಎಷ್ಟು ಬಡಕೊಂಡರೂ ಯಾರೂ ಕೇಳಲಿಲ್ಲ. ಅವತ್ತಿನಿಂದ ಆ ಅಣ್ಣ ತಮ್ಮರ ಮನಿ ನಡುವಿನ ಬಾಗಲಾ ಮುಚ್ಚಿತು. ಮೊದಲು ಹೋಳಗಿ ಆ ಬಾಗಲದಾಗ ಹಾದು ಹೋಗತಿದ್ದುವು, ಹುಡುಗರು ಹೋಗತಿದ್ದುವು. ಇವತ್ತಿಗೂ ಆ ಗ್ವಾಡಿ ಮುಂದ ಹಾಯಬೇಕಾದರ ನಾ ತಲಿ ತಗ್ಗಿಸೇ ಹೋಗತೇನಿ.

ತಮ್ಮ ಪಾಪ ಬೆಳ್ಳನ ಗ್ವಾಡಿಗೆ ಮತ್ತ ಬೆಳ್ಳನ ಸುಣ್ಣಾ ಬಳಿಸಿದ. ಮೈಮ್ಯಾಲ ಸುಣ್ಣದ ಹನಿ ಇದ್ದಂಗನ ನನ್ನ ಸ್ಟುಡಿಯೋಕ್ಕ ಬಂದು, “ಈಗ ಒಂದು ಫೋಟೋ ತಗದು ನೋಡ್ರಿ, ಒಳಗ ಗುಣಾ ಆಗೈತೋ ಇಲ್ಲೋ” ಅಂದ.

೪. ಎರಡು ತಲಿ ಅಳಿಯ

ಲೆನ್ಸಿನ ಕಣ್ಣು ಸಣ್ಣ ಮಾಡಿದರ ಮೂಲಿ ಒಂದಿಷ್ಟು ತಿಳಿ ಆಗತಾವ ಅಂತ ಆಮ್ಯಾಲ ನನಗ ಹೊಳೀತು. ಆದರ ಅದರಾಗೂ ಒಂದು ತ್ರಾಸು. ಕಣ್ಣು ಸಣ್ಣಾದರ ಬೆಳಕು ಕಡಿಮಿ ಬರತೈತಿ, ಬೆಳಕು ಕಡಿಮ್ಯಾದರ ಭಾಳ ಹೊತ್ತು ತೆರದಿಡಬೇಕು, ಅಷ್ಟೂ ಹೊತ್ತು ಮಂದಿ ಅಲಗಾಡಬಾರದು. ಮದಿವಿ ಮನ್ಯಾಗ ಮಂದಿ ಅಲಗಾಡಬಾರದು ಅಂದರ ಸಂತ್ಯಾಗ ಮಾತಾಡಬಾರದು ಅಂದಂಗ.

ಇಚಲಕರಂಜಿಯಾಗ ಮಗ್ಗದ ಸಾವಕಾರರೊಬ್ಬರು ನಮ್ಮ ದೂರದ ಬೀಗರು. ಅವರ ಮಗಳ ಮದಿವಿ, ವರ ಸುಳಕೂಡ ಅನ್ನೂ ಊರಿನವ. ಮನಿಮಂದಿ ಎಲ್ಲಾ ಹೋಗಿದ್ದಿವಿ. ಅತ್ತಿ ಹೋದಾಕಿನ ಸೆರಗು ಕಟ್ಟಿ ಹುಗ್ಗಿ ಕೊಪ್ಪರಿಗಿ ಹಂತೇಕ ನಿಂತಳು. ಫೋಟೋಕ್ಕ ಕರದಾಗ ಬಂದು ಮತ್ತ ತುದಿಗೆ ನಿಂತಳು. ನಿಲ್ಲಲಿ, ಈ ಸಲ ನಾನೂ ತಯಾರಾಗಿ ಬಂದೇನಿ ಅಂತ ಒಳಗೊಳಗ ಖುಷಿಪಟ್ಟೆ.

“ನಾ ಎಣಸೂತನಕ ಯಾರೂ ಅಲಗಾಡಬ್ಯಾಡ್ರಿ, ಕಣ್ಣ ಪಿಳಕಿಸಬ್ಯಾಡ್ರಿ” ಅಂದು ಲೆನ್ಸಿನ ಮುಚ್ಚಳಾ ತಗದೆ. “ಒಂದು” ಅಂದೆ. ಆಗ ಅಡಗಿ ಕಡಿಂದ ಒಂದು ವಾಸನಿ ಬಂತು. ಹುಗ್ಗಿ ತಳಾ ಹತ್ತಿತ್ತು.

ಫೋಟೋ ತೊಳದೆ. ದೇವರಾಣೆ ಹೇಳತೇನಿ, ಮೂಲಿ ಮೊದಲಿಗಿಂತ ಎಷ್ಟೋ ತಿಳಿಯಾಗಿ ಬಂದಿತ್ತು. ನಮ್ಮತ್ತಿ ಸೀರಿ ಮಡಿಕಿ ಮಡಿಕಿ ಕಾಣಸತಿದ್ದುವು, ಕೈಯಾಗಿನ ಸವಟು ಸುದ್ದಾ ಕಾಣಸತಿತ್ತು. ಮುಖ ಮಾತ್ರ ಇದ್ದಿಲ್ಲ. ವಾಸನಿ ಬಂದ ಕೂಡಲೆ ಆಕಿ ಅಡಗಿ ಕಡೆ ಹೊಳ್ಳಿ ನೋಡಿದ್ದಳು, ನಾ ಎಣಿಸಿ ಮುಗಸೂತನಕ ಹಂಗ ನೋಡಕೋತ ನಿಂತಿದ್ದಳು. ಹುಗ್ಗಿ ಹತ್ತಿದರ ಹತ್ತಲಿ ಅನ್ನೂ ಹೆಣಮಗಳಲ್ಲ ಆಕಿ.

ನಡುವಿನ ಕತಿ ಬ್ಯಾರೆ. ವರ ನಾ ಎಣಸೂದರಾಗ ಒಮ್ಮೆ ಹೆಂಡತಿ ಕಡೆ ಹೊಳ್ಳಿ, ಮತ್ತ ಕ್ಯಾಮೆರಾ ಕಡೆ ಹೊಳ್ಳಿದ್ದ. ಹೊಸ ಗಂಡ, ಅವಂದೂ ತಪ್ಪಿಲ್ಲ. ಒಂದ ಕೊಳ್ಳಿನ ಮ್ಯಾಲ ಎರಡು ತಲಿ ಬಂದಿದ್ದುವು, ಎರಡಕ್ಕೂ ಬಾಸಿಂಗ ಇತ್ತು.

ಫೋಟೋ ಮುಟ್ಟಿಸಾಕ ಹೋದಾಗ ಮಗ್ಗದ ಸಾವಕಾರರು ಅದನ್ನ ಇಸಕೊಂಡು ಬೆಳಕಿಗೆ ಹಿಡದರು. ಲೆನ್ಸು ಹಿಂಗೈತ್ರಿ, ಮೂಲಿ ಕಪ್ಪು ಮಾಡತೈತಿ, ಅದಕ್ಕ ಕಣ್ಣು ಸಣ್ಣ ಮಾಡಿದೆ ಅಂತ ನಾ ಎಲ್ಲಾ ಬಿಡಿಸಿ ಹೇಳಿದೆ.

“ಕುಣೀಲಾರದಾಕಿ ನೆಲಾ ಡೊಂಕ ಅಂದಳಂತ” ಅಂದರು. ಆಮ್ಯಾಲ ಮತ್ತೊಮ್ಮೆ ಫೋಟೋ ನೋಡಿ, “ನಾ ಒಂದ ತಲಿ ನೋಡಿ ಮಗಳ್ನ ಕೊಟ್ಟೇನ್ರಿ” ಅಂದರು.

ಇಚಲಕರಂಜಿಯಿಂದ ನಮ್ಮ ಊರತನಕ ಆ ಫೋಟೋ ಮೆಚ್ಚಿದಾಕಿ ಒಬ್ಬಾಕೆ, ನಮ್ಮತ್ತಿ. “ತುರುಬು ಎಷ್ಟು ಚೊಲೋ ಬಂದೈತಿ ನೋಡೋ. ಇಷ್ಟು ವರ್ಷ ಕಟಗೊಂಡೇನಿ, ಹೆಂಗ ಕಾಣಸ್ತೈತಿ ಅಂತ ಇವತ್ತ ಗೊತ್ತಾತು” ಅಂದಳು.

೫. ಸೀಳಿದ ಬಾದಾಮಿ

ಸಿಟ್ಟಿಗೆದ್ದು ಲೆನ್ಸು ಚೀಲದಾಗ ಹಾಕ್ಕೊಂಡು ಎಸ್‌ಟಿ ಬಸ್ ಹತ್ತಿ ಕೊಲ್ಲಾಪುರಕ್ಕ ಹೋದೆ. ಮುದುಕನ ಮುಂದ ಎಲ್ಲಾ ಫೋಟೋ ಹರವಿದೆ: ಕಂಬ, ಗ್ವಾಡಿ, ಎರಡು ತಲಿ ಅಳಿಯ. ಮುದುಕ ಅಳಿಯನ ಫೋಟೋ ಮಾತ್ರ ಎತ್ತಿಕೊಂಡು ಭಾಳ ಹೊತ್ತು ನಕ್ಕ. ಆಮ್ಯಾಲ ತನ್ನ ಕ್ಯಾಮೆರಾಕ್ಕ ಆ ಲೆನ್ಸು ಹಾಕಿದ.

ಕ್ಯಾಮೆರಾದ ಹಿಂದ ಚಿತ್ರ ಮೂಡೂ ಒಂದು ಮಂಜುಗಾಜು ಇರತೈತಿ. ಅದರ ನಾಲ್ಕೂ ಮೂಲಿ ಚೂರ ಚೂರ ಕತ್ತರಿಸಿರತಾರ. ನಾ ಅಲ್ಲೀತನಕ, ಹಳೇ ಗಾಜು, ಎಲ್ಲೋ ಬಿದ್ದು ಮೂಲಿ ಮುಕ್ಕಾಗ್ಯಾವ ಅಂತ ತಿಳಕೊಂಡಿದ್ದೆ.

“ಆ ಮೂಲಿ ಸಂದ್ಯಾಗ ಕಣ್ಣಿಟ್ಟು ಲೆನ್ಸು ನೋಡು” ಅಂದ. “ಅಲ್ಲಿಂದ ನೋಡಿದರೂ ಲೆನ್ಸಿನ ಕಣ್ಣು ಪೂರ್ತಿ ಕಾಣಸಬೇಕು. ಅರ್ಧಾ ಕಾಣಿಸ್ತು ಅಂದರ ಮೂಲಿಗೆ ಅರ್ಧಾನ ಬೆಳಕು ಬರತೈತಿ. ಏನು ಕಾಣಸ್ತೈತಿ?”

“ಸೀಳಿದ ಬಾದಾಮಿ ಕಂಡಂಗ ಕಾಣಸ್ತೈತ್ರಿ.”

ಮುದುಕ ಮುಂದ ಹೋಗಿ ಹೆಬ್ಬಟ್ಟಿನಿಂದ ಆ ತಗಡಿನ ಟೊಪ್ಪಿಗಿ ದೂಡಿ ತಗದ. “ಈಗ?”

ಈಗ ಕಣ್ಣು ರೊಟ್ಟಿಯಂಗ ದುಂಡಗ ಕಾಣಸಾಕತ್ತಿತ್ತು. ಲೆನ್ಸಿನ್ಯಾಗ ಏನೂ ಐಬು ಇದ್ದಿಲ್ಲ. ಆ ಟೊಪ್ಪಿಗಿ ಉದ್ದಾಗಿ, ನಾಲ್ಕೂ ಮೂಲಿ ಬೆಳಕು ತಾನ ನುಂಗತಿತ್ತು. ಅಷ್ಟು ದಿನ ಬಂಗಾರದಂಥಾ ಲೆನ್ಸಿಗೆ ಬೈದೆ, ಅಣ್ಣ ತಮ್ಮರನ್ನ ಅಗಲಿಸಿದೆ, ಒಬ್ಬ ಬಡಪಾಯಿ ಅಳಿಯಗ ಎರಡು ತಲಿ ಹಚ್ಚಿದೆ, ಎಲ್ಲಾ ಒಂದು ತಗಡಿನ ಸಲುವಾಗಿ.

“ಗೊತ್ತಿದ್ದೂ ಯಾಕ ಕೊಟ್ರಿ ನನಗಿದನ್ನ?” ಅಂತ ಕೇಳಿದೆ.

“ನಾ ಮಾರಿದ್ದು ಲೆನ್ಸು. ಲೆನ್ಸಿಂದ ತಕರಾರಿದ್ದರ ಹೇಳು. ಫುಕಟ ಕೊಟ್ಟದ್ದಕ್ಕ ತಕರಾರು ತಗೋಳೂ ಪದ್ಧತಿ ನಮ್ಮಲ್ಲಿಲ್ಲ” ಅಂದ.

“ನಿಮ್ಮ ಮನಿ ಫೋಟೋ ಸುದ್ದಾ ಇದ ಟೊಪ್ಪಿಗಿ ಹಾಕ್ಕೊಂಡ ತಗದೀರಿ. ತಗದಿಡಬೇಕು ಅಂತ ನಿಮಗೂ ಹೊಳೀಲಿಲ್ಲೇನು?”

ಮುದುಕ ಒಳಬಾಗಲದ ಕಡೆ ನೋಡಿ, ಹೆಂಡತಿ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಸಣ್ಣ ದನಿಲೆ ಅಂದ: “ತಗದಿಟ್ಟರ ಅವರು ಕಾಣಸತಿದ್ದರು.”

೬. ಅಂತರಪಾಟ

ಊರಿಗೆ ಬಂದ ಮರುದಿನ ಮುಂಜಾನೆ, ಟೊಪ್ಪಿಗಿ ಇಲ್ಲದ ಲೆನ್ಸು ಹೆಂಗೈತಿ ಅಂತ ಕಡೀ ಪರೀಕ್ಷಾ ಮಾಡೂಣು ಅಂದುಕೊಂಡೆ. ನನ್ನ ಹಂತೇಕ ಒಂದ ಪ್ಲೇಟು ಉಳದಿತ್ತು. ಆಗ ಪ್ಲೇಟು ಪರದೇಶದಿಂದ ಬರಬೇಕು, ಒಮ್ಮೆ ಮುಗದರ ತಿಂಗಳಾನುಗಟ್ಟಲೆ ದಾರಿ ಕಾಯಬೇಕು. ಗ್ವಾಡಿಗಳ ಸಂಗ ಅಂತೂ ಸಾಕಾಗಿತ್ತು. ನಮ್ಮಪ್ಪನ ಒಂದು ಹೊಸ ಧೋತರ ಇತ್ತು, ಇಚಲಕರಂಜೀದು, ಇನ್ನೂ ನೀರು ಕಂಡಿದ್ದಿಲ್ಲ. ಅದನ್ನ ಮಡಿಚಿ ಹಿತ್ತಲದಾಗ ಯಾರರ ಹಿಡದು ನಿಂತರ ಗ್ವಾಡಿಗಿಂತ ಚೊಲೋ.

ಹಿತ್ತಲದಾಗ ಅತ್ತಿ ಮೆಣಸಿನಕಾಯಿ ಒಣ ಹಾಕತಿದ್ದಳು. ಆಕಿನ್ನ ನೋಡಿದ ಕೂಡಲೆ ನನ್ನ ತಲ್ಯಾಗ ಒಂದು ಹಂಚಿಕಿ ಬಂತು. ಧೋತರ ಎದಿಮಟ್ಟ ಹಿಡದಳು ಅಂದರ ಮ್ಯಾಲ ಮುಖ ಇರತೈತಿ, ಅದೂ ನಟ್ಟನಡುವ. ಲೆನ್ಸಿನ ಪರೀಕ್ಷಾನೂ ಆತು, ಅತ್ತಿ ಫೋಟೋನೂ ಆತು. ಇಷ್ಟು ದಿನ ಬೆಳಕನ್ನ ಮೂಲಿಗೆ ಒಯ್ಯಾಕ ಒದ್ದಾಡಿದ್ದೆ. ಈಗ ಮೂಲ್ಯಾಗಿನಾಕಿ ತಾನ ನಡುವ ಬರತಿದ್ದಳು.

“ಅತ್ತಿ, ಜರಾ ಈ ಧೋತರ ಹಿಡಕೊಂಡು ನಿಲ್ಲು.”

“ಫೋಟೋ ಏನೋ?”

“ಫೋಟೋ ಅಲ್ಲ. ಲೆನ್ಸಿನ ಪರೀಕ್ಷಾ. ಧೋತರ ಬೆಳ್ಳಗ ಬರತೈತೋ ಇಲ್ಲೋ ನೋಡೂದು.”

“ಎಲ್ಲಿ ನಿಲ್ಲಲಿ?”

“ನಡುವ.”

ಅತ್ತಿ ಒಂದು ಗಳಿಗಿ ನನ್ನ ಕಡೆ ನೋಡಿದಳು. ಫೋಟೋ ಅಲ್ಲ ಅಂದ ಮ್ಯಾಲ ಅಡ್ಡಿಯಿಲ್ಲ ಅನಿಸಿತೋ ಏನೋ, ಕೈ ತೊಳಕೊಂಡು ಬಂದು ನಡುವ ನಿಂತಳು. ಧೋತರದ ಎರಡೂ ತುದಿ ಹಿಡದು ಕೈ ಅಗಲಾ ಮಾಡಿದಳು. ಆಮ್ಯಾಲ ಕೈ ಮ್ಯಾಲ ಎತ್ತಿದಳು. ಎದಿ ದಾಟಿತು, ಗದ್ದ ದಾಟಿತು, ಹಣಿ ದಾಟಿತು. ನನಗ ಕಾಣಸೂದು ಬರೇ ಬಿಳಿ ಧೋತರ, ಮ್ಯಾಲ ಎರಡು ಕಡೆ ಬೆರಳು, ಕೆಳಗ ಎರಡು ಪಾದ.

“ಅತ್ತಿ, ಅಷ್ಟು ಎತ್ತರ ಬ್ಯಾಡ. ಎದಿಮಟ್ಟ ಇಳಸು.”

“ಹಂಗ ಹಿಡೀಬಾರದೋ. ಅಂತರಪಾಟ ತಲಿಮಟ್ಟ ಹಿಡೀಬೇಕು, ಆಚೆದವರು ಕಾಣಸಬಾರದು. ಎಷ್ಟು ಮದಿವ್ಯಾಗ ದೂರ ನಿಂತು ನೋಡೀನಿ ನಾ.”

ಮದಿವ್ಯಾಗ ಗಂಡು ಹೆಣ್ಣಿನ ನಡುವ ಬಿಳಿ ಅರಿವಿ ಅಡ್ಡ ಹಿಡೀತಾರಲ್ಲ, ಮಂಗಳಾಷ್ಟಕ ಮುಗದ ಮ್ಯಾಲ ಇಳಸತಾರಲ್ಲ, ಆಕಿ ಅದನ್ನ ಹಿಡದಿದ್ದಳು.

“ಅತ್ತಿ, ಇದು ಅಂತರಪಾಟ ಅಲ್ಲ, ಅಪ್ಪನ ಧೋತರ.”

ಅರಿವಿ ಹಿಂದಿಂದ ನಗೂ ಸಪ್ಪಳಾ ಬಂತು. ನಮ್ಮತ್ತಿ ಹಂಗ ನಕ್ಕದ್ದು ನಾ ಕೇಳೇ ಇದ್ದಿಲ್ಲ. “ಗೊತ್ತೈತೋ. ಒಮ್ಮೆರ ಹಿಡೀಬೇಕು ಅಂತ ಭಾಳ ಆಸೆ ಇತ್ತು ತಮ್ಮಾ. ನಮ್ಮಂಥವರ ಕೈಯಾಗ ಯಾರು ಕೊಡತಾರ? ಇವತ್ತ ಸಿಕ್ಕೈತಿ, ಸುಮ್ಮನಿರು. ಮಂಗಳಾಷ್ಟಕ ಅನ್ನು, ಮುಗದ ಕೂಡಲೆ ಇಳಸತೇನಿ.”

ಇಳಸು ಅಂತ ಮತ್ತ ಹೇಳೂ ಧೈರ್ಯ ಆಗಲಿಲ್ಲ. ಅತ್ತ ಮೋಡಾ ಏರಿ ಬರಾಕತ್ತಿತ್ತು, ಬೆಳಕು ಇನ್ನೊಂದು ಗಳಿಗಿ ಅಷ್ಟ. ಮುಚ್ಚಳಾ ತಗದೆ. ಬಂದಷ್ಟು ಮಂಗಳಾಷ್ಟಕ ಅಂದೆ, ಬಾರದಲ್ಲಿ ಗುಣುಗುಣು ಅಂದೆ. ಮುಚ್ಚಳಾ ಹಾಕಿದೆ. ಪ್ಲೇಟು ಮುಗೀತು, ಮಂಗಳಾಷ್ಟಕಾನೂ ಮುಗೀತು.

ಆಗ ಅತ್ತಿ ಧೋತರ ಇಳಿಸಿದಳು.

ಹಣಿಮ್ಯಾಲ ವಿಭೂತಿ, ಕಣ್ಣಾಗ ನಗಿ, ಮುಖದ ತುಂಬ ಬೆಳಕು, ನಟ್ಟನಡುವ. ನಮ್ಮತ್ತಿ ಇಷ್ಟು ಚೆಲುವಿ ಅಂತ ನನಗ ಗೊತ್ತಿದ್ದಿಲ್ಲ.

“ಪಾಸಾತೇನೋ ನಿನ್ನ ಲೆನ್ಸು?” ಅಂದಳು.

ಪಾಸಾತು. ಮೂಲಿಯಿಂದ ಮೂಲಿಗೆ ಒಂದ ಸಮ ಬೆಳ್ಳಗ ಬಂದಿತ್ತು ಧೋತರ. ಅದರ ಎಳಿ ಎಳಿ ಎಣಸಬಹುದಿತ್ತು. ಅದಕ್ಕಿಂತ ಚೊಲೋ ಪರೀಕ್ಷಾ ನಾ ಜನ್ಮದಾಗ ಮಾಡಲಿಲ್ಲ. ಪ್ಲೇಟು ಬಂದ ಮ್ಯಾಲ ಇನ್ನೊಮ್ಮೆ ನಿಲ್ಲು ಅಂತ ಹೇಳಿದ್ದೆ. “ಪಾಸಾದವಗ ಮತ್ತೆಂಥಾ ಪರೀಕ್ಷಾನೋ” ಅಂದಿದ್ದಳು. ಪ್ಲೇಟು ದೀಪಾವಳಿಗೆ ಬಂದುವು. ಅತ್ತಿ ಶ್ರಾವಣದಾಗ, ಜ್ವರದ ನೆವಾ ಮಾಡಿಕೊಂಡು ಹೋಗಿಬಿಟ್ಟಿದ್ದಳು.

ಹಾರ ಹಾಕಾಕ ಒಂದು ಫೋಟೋ ಬೇಕಲ್ಲ. ಇದ್ದುವು ಎಲ್ಲಾ ನಮ್ಮಪ್ಪನ ಮುಂದ ಇಟ್ಟೆ. ಅಪ್ಪ ಕಣ್ಣು ಒರಸಿಕೊಂಡು ಒಂದೊಂದ ನೋಡಿದ. “ಇದರಾಗ ಕಂಬದ ಮಗ್ಗಲ ಕತ್ತಲ್ಯಾಗ ಅದಾಳ. ಇದರಾಗ ನಮಗ ಬೆನ್ನು ಮಾಡ್ಯಾಳ. ಇದರಾಗ ನಮ್ಮ ಕಡೆ ಮುಖಾರ ಮಾಡ್ಯಾಳ, ಇದ ಇರಲಿ” ಅಂದ. ಹಂಗಾಗಿ ನಮ್ಮ ಪಡಸಾಲ್ಯಾಗ ಧೋತರದ ಫೋಟೋಕ್ಕ ಕಟ್ಟು ಹಾಕಿಸಿ, ಹಾರ ಹಾಕಿ, ಊದಿನಕಡ್ಡಿ ಹಚ್ಚಿದಿವಿ.

ಸುದ್ದಿ ಕೇಳಿ ಇಚಲಕರಂಜಿಯ ಮಗ್ಗದ ಸಾವಕಾರರು ಮಾತಾಡಿಸಾಕ ಬಂದರು. ಕೈ ಮುಗದು ಕುಂತರು, ಆಕಿ ಮಾಡಿದ ಹುಗ್ಗಿ ನೆನಸಿದರು, ಒಂದೆರಡು ಹನಿ ಕಣ್ಣೀರೂ ಹಾಕಿದರು. ಆಮ್ಯಾಲ ಅವರ ಕಣ್ಣು ಫೋಟೋದ ಮ್ಯಾಲ ಬಿತ್ತು. ಎದ್ದು ಹಂತೇಕ ಹೋದರು, ಮೂಗಿಗೆ ಚಾಳೀಸು ಹಾಕ್ಕೊಂಡರು.

“ಅರಿವಿ ಚೊಲೋ ಐತಿ, ನಮ್ಮ ಕಡೀದ” ಅಂದರು. ಮತ್ತ ಸಣ್ಣ ದನಿಲೆ ಕೇಳಿದರು: “ಧೋತರಕ್ಕ ಯಾಕ ಹಾರ ಹಾಕೀರಿ?”

“ಅದರ ಹಿಂದ ನಮ್ಮತ್ತಿ ಅದಾಳ್ರಿ” ಅಂದೆ.

ಸಾವಕಾರರು ಎರಡೂ ಕೈಲೆ ಆ ಕಟ್ಟು ಗ್ವಾಡಿಯಿಂದ ಎತ್ತಿ, ಬಗ್ಗಿ ಹಿಂದ ಹಣಿಕಿ ಹಾಕಿದರು. ಒಂದು ಹಲ್ಲಿ ಸರಕ್ಕನ ಓಡಿ ಹೋತು. “ಇಲ್ಲಲ್ರಿ” ಅಂದರು.

ಅವರನ್ನ ಬಸ್ ಹತ್ತಿಸಿ, ದಾರಿತುಂಬ ಒಬ್ಬನ ನಕ್ಕೋತ ಮನಿಗೆ ಬಂದೆ. ಪಡಸಾಲ್ಯಾಗ ಯಾರೂ ಇದ್ದಿಲ್ಲ. ನಾನೂ ಆ ಕಟ್ಟು ಎತ್ತಿ, ಬಗ್ಗಿ ಹಿಂದ ನೋಡಿದೆ.